ಆರಂಭಿಕ ಕವಚನೌಕೆಗಳು

ಮೈಗೆ ಲೋಹದ ಕವಚ ತೊಟ್ಟು, ಭಾರಿ ಫಿರಂಗಿಗಳನ್ನು ಹೊತ್ತು, ಶತ್ರುವಿನ ದೊಡ್ಡ ಹಡಗುಗಳೊಡನೆ ನೇರವಾಗಿ ಸೆಣಸಲೆಂದು ಕಟ್ಟಿದ ಬ್ಯಾಟಲ್‌ಷಿಪ್ 19ನೇ ಶತಮಾನದ ಉತ್ತರಾರ್ಧದಲ್ಲಿ ರೂಪುಗೊಂಡಿತು. 1853ರಲ್ಲಿ ಸಿನೋಪ್ ಬಂದರಿನಲ್ಲಿ ರಷ್ಯನ್ನರು ಸಿಡಿಗುಂಡುಗಳಿಂದ ತುರ್ಕಿಯ ಹಡಗುಗಳನ್ನು ಸುಟ್ಟುಹಾಕಿದಾಗ ಮರದ ನೌಕೆಗಳಿಗೆ ಇನ್ನು ಉಳಿಗಾಲವಿಲ್ಲವೆಂಬುದು ಖಚಿತವಾಯಿತು. ಫ್ರಾನ್ಸ್ 1859ರಲ್ಲಿ ಮರದ ಒಡಲಿಗೆ ಕಬ್ಬಿಣದ ಹಲಗೆ ಹೊದಿಸಿದ 'ಗ್ಲ್ವಾರ್' ನೌಕೆಯನ್ನು ನೀರಿಗಿಳಿಸಿತು. ಮರುವರ್ಷ ಬ್ರಿಟನ್ ಇಳಿಸಿದ 'ವಾರಿಯರ್'ಗೆ ಒಡಲೂ ಕಬ್ಬಿಣದ್ದೇ. ಅದರ ಕವಚ ನಾಲ್ಕೂವರೆ ಇಂಚು ದಪ್ಪವಿದ್ದು, ಹೊಡೆತದ ಅದುರನ್ನು ತಡೆಯಲು ಹಿಂಬದಿಗೆ 18 ಇಂಚು ತೇಗದ ಮರವಿತ್ತು. ಎರಡೂ ಉಗಿ ಎಂಜಿನ್ನಿನ ಹಡಗುಗಳಾದರೂ ಹಾಯಿಗಳನ್ನು ಬಿಟ್ಟಿರಲಿಲ್ಲ.

ಕವಚ, ಫಿರಂಗಿ, ಎಂಜಿನ್, ಕಲ್ಲಿದ್ದಲು ಎಲ್ಲವೂ ಭಾರವೇ. ಈ ಭಾರವನ್ನು ಎಲ್ಲಿ, ಎಷ್ಟು ಎತ್ತರದಲ್ಲಿ ಇಡಬೇಕೆಂಬುದೇ ಮುಂದಿನ ಅರ್ಧ ಶತಮಾನ ವಿನ್ಯಾಸಕಾರರನ್ನು ಕಾಡಿದ ಪ್ರಶ್ನೆ. ಅಮೆರಿಕದ ಅಂತರ್ಯುದ್ಧದಲ್ಲಿ ಜಾನ್ ಎರಿಕ್ಸನ್ ಕಟ್ಟಿದ 'ಮಾನಿಟರ್' ಇದಕ್ಕೆ ಒಂದು ದಿಟ್ಟ ಉತ್ತರ ಕೊಟ್ಟಿತು: ನೀರಿಗೆ ಹೆಚ್ಚುಕಡಿಮೆ ಸಮನಾದ ಡೆಕ್, ಅದರ ಮೇಲೆ ಎರಡೇ ಫಿರಂಗಿಗಳಿದ್ದ, ಸುತ್ತ ತಿರುಗುವ ಗೋಪುರ. 1862ರ ಮಾರ್ಚ್ 9ರಂದು ಹ್ಯಾಂಪ್ಟನ್ ರೋಡ್ಸ್‌ನಲ್ಲಿ ಅದು ದಕ್ಷಿಣದವರ 'ವರ್ಜೀನಿಯಾ'ದೊಡನೆ ಗಂಟೆಗಟ್ಟಲೆ ಕಾದಾಡಿತು. ಯಾರಿಗೂ ಎದುರಾಳಿಯ ಕವಚವನ್ನು ಭೇದಿಸಲಾಗಲಿಲ್ಲ. ಆದರೆ ಅದೇ ವರ್ಷದ ಕೊನೆಯ ದಿನ ಹ್ಯಾಟೆರಸ್ ಭೂಶಿರದ ಬಳಿ ಬಿರುಗಾಳಿಗೆ ಸಿಕ್ಕಿ ಮಾನಿಟರ್ ಮುಳುಗಿತು. ತಗ್ಗಿನ ಡೆಕ್ ತೆರೆದ ಕಡಲಿಗೆ ಒಗ್ಗುವಂಥದ್ದಲ್ಲ.

ಈ ಪಾಠ ಬ್ರಿಟನ್ನಿಗೆ ನಾಟಿದ್ದು ಬಹಳ ದುಬಾರಿಯಾಗಿ. ಗೋಪುರ ಫಿರಂಗಿಯ ಉತ್ಸಾಹಿ ಕೂಪರ್ ಕೋಲ್ಸ್ ಎಂಬ ನೌಕಾಧಿಕಾರಿ, ಪತ್ರಿಕೆಗಳ ಮತ್ತು ಸಂಸತ್ತಿನ ಬೆಂಬಲದಿಂದ, ತಾನು ಬಯಸಿದಂತೆಯೇ 'ಕ್ಯಾಪ್ಟನ್' ಎಂಬ ಹಡಗನ್ನು ಬರ್ಕನ್‌ಹೆಡ್‌ನ ಲೇರ್ಡ್ ಕಾರ್ಖಾನೆಯಲ್ಲಿ ಕಟ್ಟಿಸಿದ. ನೌಕಾದಳದ ಮುಖ್ಯ ವಿನ್ಯಾಸಕಾರ ಎಡ್ವರ್ಡ್ ರೀಡ್ ಮೊದಲಿನಿಂದಲೂ ಆಕ್ಷೇಪಿಸಿದ್ದ. ನೀರಿನಿಂದ ಡೆಕ್ಕಿನ ಎತ್ತರ ಎಂಟೂವರೆ ಅಡಿ ಇರಬೇಕಿತ್ತು. ಕಟ್ಟುವಾಗ ತೂಕ ಹೆಚ್ಚಿ ಅದು ಆರೂವರೆ ಅಡಿಯ ಆಸುಪಾಸಿಗೆ ಇಳಿಯಿತು. ಅದರ ಮೇಲೆ ಎತ್ತರದ ಹಾಯಿಕಂಬಗಳು ಬೇರೆ. 1870ರ ಸೆಪ್ಟೆಂಬರ್ 7ರ ನಸುಕಿಗೆ ಮುನ್ನ, ಸ್ಪೇನ್‌ನ ಫಿನಿಸ್ಟೆರ್ ಭೂಶಿರದಾಚೆ ಬೀಸಿದ ಗಾಳಿಗೆ ಹಡಗು ಮಗುಚಿಕೊಂಡಿತು. ಕೋಲ್ಸ್ ಸೇರಿ ಸುಮಾರು 480 ಮಂದಿ ಸತ್ತರು, ಬದುಕಿದವರು 18 ಜನ. ಒಂದು ಹಂತದವರೆಗೆ ವಾಲಿದ ಹಡಗು ತಾನೇ ನೆಟ್ಟಗಾಗಲು ಎಳೆಯುತ್ತದೆ, ಅದನ್ನು ದಾಟಿದರೆ ಆ ಎಳೆತ ಕುಗ್ಗುತ್ತ ಹೋಗುತ್ತದೆ. ಕ್ಯಾಪ್ಟನ್‌ಗೆ ಆ ಹಂತ ಸುಮಾರು 21 ಡಿಗ್ರಿ. ರೀಡ್ ರೂಪಿಸಿದ, ಅದೇ ಪಡೆಯಲ್ಲಿದ್ದ 'ಮೊನಾರ್ಕ್' ನೌಕೆಗೆ ಅದು 40ರಷ್ಟಿದ್ದು, ಆ ರಾತ್ರಿ ಅದಕ್ಕೇನೂ ಆಗಲಿಲ್ಲ. ಲೆಕ್ಕ ಬಲ್ಲವರ ಮಾತನ್ನು ಜನಾಭಿಪ್ರಾಯ ಮೀರಿಸಿದ್ದೇ ದುರಂತದ ಮೂಲವೆಂದು ವಿಚಾರಣೆ ನಡೆಸಿದ ನ್ಯಾಯಮಂಡಳಿಯೂ ದಾಖಲಿಸಿತು.

ಪರಿಹಾರವೂ ರೀಡ್‌ನದೇ. 1873ರಲ್ಲಿ ಪೂರ್ಣಗೊಂಡ 'ಡೆವಾಸ್ಟೇಷನ್' ಹಾಯಿಗಳನ್ನು ಸಂಪೂರ್ಣ ಕೈಬಿಟ್ಟು, ಹಿಂದೊಂದು ಮುಂದೊಂದು ಗೋಪುರ ಹೊತ್ತು ಬಂತು. ಮುಂಬಯಿ ಬಂದರಿನ ರಕ್ಷಣೆಗೆಂದು 1870ರ ಸುಮಾರಿಗೆ ಕಟ್ಟಿದ ತಗ್ಗಿನ ನೌಕೆಗಳಾದ 'ಮ್ಯಾಗ್ಡಲಾ' ಮತ್ತು 'ಅಬಿಸೀನಿಯಾ' ಇದರ ಚಿಕ್ಕ ಬಂಧುಗಳು.

1866ರ ಲಿಸ್ಸಾ ಕದನದಲ್ಲಿ ಆಸ್ಟ್ರಿಯದ ಹಡಗೊಂದು ಇಟಲಿಯ 'ರೆ ಡಿಟಾಲಿಯಾ'ವನ್ನು ಮೂತಿಯಿಂದ ಗುದ್ದಿ ಮುಳುಗಿಸಿದ್ದರಿಂದ, ಮುಂದಿನ ದಶಕಗಳಲ್ಲಿ ಬಹುತೇಕ ಕವಚನೌಕೆಗಳ ಮುಂಭಾಗದಲ್ಲಿ ನೀರಿನಡಿ ಕೊಂಬಿನಂತೆ ಚಾಚಿದ ಉಕ್ಕಿನ ಮೂತಿ ಕಾಣಿಸಿಕೊಂಡಿತು. ಅದರಿಂದ ಶತ್ರುವಿಗಿಂತ ಸ್ವಂತ ಪಡೆಗೇ ಹೆಚ್ಚು ಹಾನಿಯಾಯಿತೆನ್ನಬಹುದು. 1893ರಲ್ಲಿ ಲೆಬನಾನ್ ಕರಾವಳಿಯಲ್ಲಿ ಕವಾಯತು ನಡೆಸುವಾಗ ಬ್ರಿಟನ್ನಿನ 'ಕ್ಯಾಂಪರ್‌ಡೌನ್' ತನ್ನದೇ ಪಡೆಯ 'ವಿಕ್ಟೋರಿಯಾ'ಗೆ ಗುದ್ದಿದ್ದರಿಂದ, ಅಡ್ಮಿರಲ್ ಟ್ರೈಯನ್ ಸೇರಿ 358 ಜನ ಮುಳುಗಿಹೋದರು.

ಫಿರಂಗಿ ಬಲಿತಂತೆ ಕವಚ ದಪ್ಪವಾಗುತ್ತ 1876ರ 'ಇನ್‌ಫ್ಲೆಕ್ಸಿಬಲ್'ನಲ್ಲಿ 24 ಇಂಚು ಮುಟ್ಟಿತು. ಆಮೇಲೆ ಹಾರ್ವೆ ಮತ್ತು ಕ್ರುಪ್ ವಿಧಾನಗಳಲ್ಲಿ ಹದಗೊಳಿಸಿದ ಉಕ್ಕು ಬಂದು ದಪ್ಪ ಇಳಿಯಿತು. 1900ರಲ್ಲಿ ನೀರಿಗಿಳಿದ ಜಪಾನಿನ 'ಮಿಕಾಸಾ'ದ ಪಕ್ಕೆಗೆ 9 ಇಂಚು ಸಾಕಾಯಿತು. ಉಳಿದ ತೂಕವನ್ನು ಎತ್ತರದ ಡೆಕ್ಕಿಗೂ ವೇಗಕ್ಕೂ ಬಳಸಲು ಸಾಧ್ಯವಾಯಿತು. ಬ್ರಿಟನ್ನಿನ ವಿನ್ಯಾಸಕಾರ ವಿಲಿಯಂ ವೈಟ್ 1889ರ ನೌಕಾ ಕಾಯಿದೆಯಡಿ ರೂಪಿಸಿದ 'ರಾಯಲ್ ಸಾವರಿನ್' ವರ್ಗದ ಹಡಗುಗಳು ಎತ್ತರದ ಡೆಕ್ಕನ್ನು ರೂಢಿಗೆ ತಂದಿದ್ದವು.

ನಾಲ್ಕು ಭಾರಿ ಫಿರಂಗಿಗಳ ಜೊತೆ ಹಲವು ಸಣ್ಣವನ್ನೂ ಇಡುವುದು ಆಗಿನ ಪದ್ಧತಿ. ದೂರದಿಂದ ಗುರಿಯಿಡುವಾಗ ನೀರಿನಲ್ಲಿ ಚಿಮ್ಮುವ ಯಾವ ಕಾರಂಜಿ ಯಾವ ಫಿರಂಗಿಯದೆಂದು ತಿಳಿಯದೆ ಲೆಕ್ಕ ತಪ್ಪುತ್ತಿತ್ತು. ಎಲ್ಲವೂ ಒಂದೇ ಅಳತೆಯ ದೊಡ್ಡ ಫಿರಂಗಿಗಳೇ ಆಗಿರಲೆಂದು ಇಟಲಿಯ ನೌಕಾ ವಿನ್ಯಾಸಕಾರ ವಿಟ್ಟೋರಿಯೊ ಕುನಿಬೆರ್ಟಿ 1903ರಲ್ಲೇ ಬರೆದಿದ್ದ. 1906ರ ಫೆಬ್ರವರಿ 10ರಂದು ಪೋರ್ಟ್ಸ್‌ಮತ್‌ನಲ್ಲಿ ನೀರಿಗಿಳಿದ 'ಡ್ರೆಡ್‌ನಾಟ್' 12 ಇಂಚಿನ ಹತ್ತು ಫಿರಂಗಿಗಳನ್ನು ಹೊತ್ತು, ಪಾರ್ಸನ್ಸ್ ಟರ್ಬೈನುಗಳ ಬಲದಿಂದ 21 ನಾಟ್ ವೇಗದಲ್ಲಿ ಸಾಗಬಲ್ಲದಾಗಿತ್ತು. ಒಂದು ವರ್ಷದ ಆಸುಪಾಸಿನಲ್ಲಿ ಅದು ಸಿದ್ಧವಾದದ್ದು, ಬೇರೆರಡು ಹಡಗುಗಳಿಗೆಂದು ತಯಾರಾಗುತ್ತಿದ್ದ ಫಿರಂಗಿಗಳನ್ನು ಎತ್ತಿಕೊಂಡಿದ್ದರಿಂದ. ಆದರೂ ಗುರಿ ನೋಡುವವರ ಕಂಬವನ್ನು ಹೊಗೆಕೊಳವೆಯ ಹಿಂದೆ ನಿಲ್ಲಿಸಿದ್ದರಿಂದ, ಅತ್ಯಂತ ಮುಖ್ಯವಾದ ಕಣ್ಣುಗಳಿಗೇ ಬಿಸಿಹೊಗೆ ಬಡಿಯುತ್ತಿತ್ತು. ಮುಂದಿನ ವರ್ಗದಲ್ಲಿ ತಿದ್ದಿದ ಈ ತಪ್ಪನ್ನು 'ಕೊಲೋಸಸ್' ಮತ್ತು 'ಒರಾಯನ್' ವರ್ಗಗಳಲ್ಲಿ ಮತ್ತೆ ಮಾಡಲಾಯಿತು.

ಡ್ರೆಡ್‌ನಾಟ್‌ಗಿಂತ ಹಿಂದಿನ ಹಡಗುಗಳೆಲ್ಲ 'ಪೂರ್ವ-ಡ್ರೆಡ್‌ನಾಟ್' ಎನಿಸಿ ಹಳತಾದವು. ಜರ್ಮನಿ, ಅಮೆರಿಕ, ಜಪಾನ್‌ಗಳೂ ಹೊಸ ಬಗೆಯ ನೌಕೆಗಳನ್ನು ಕಟ್ಟತೊಡಗಿದವು. ಡ್ರೆಡ್‌ನಾಟ್ ಮಾತ್ರ ದುರಸ್ತಿಯಲ್ಲಿದ್ದು 1916ರ ಜಟ್ಲೆಂಡ್ ಕದನಕ್ಕೆ ಹೋಗಲಿಲ್ಲ. 1915ರ ಮಾರ್ಚ್ 18ರಂದು ಜರ್ಮನಿಯ ಯು-29 ಜಲಾಂತರ್ಗಾಮಿಯನ್ನು ಗುದ್ದಿ ಮುಳುಗಿಸಿದ್ದು ಯುದ್ಧದಲ್ಲಿ ಅದರ ಮುಖ್ಯ ಸಾಧನೆ. 1920ರ ದಶಕದ ಆರಂಭದಲ್ಲಿ ಅದು ಗುಜರಿಗೆ ಹೋಯಿತು. ಪೋರ್ಟ್ಸ್‌ಮತ್‌ನಲ್ಲಿ ವಾರಿಯರ್, ಯೊಕೊಸುಕಾದಲ್ಲಿ ಮಿಕಾಸಾ ಈಗಲೂ ವಸ್ತುಸಂಗ್ರಹಾಲಯಗಳಾಗಿ ಉಳಿದಿವೆ.