ಕಾಕ್‌ಟೇಲ್‌ನ ಅಜ್ಜ ಸಾರಾಯಿ: ವೈಟ್‌ಫೀಲ್ಡ್‌ನಿಂದ ಆನೇಕಲ್‌ವರೆಗೆ ಒಂದು ಸುತ್ತು

ಇಯರ್‌ಫೋನ್ ಹಾಕ್ಕೊಂಡು ಮೆಟ್ರೋದಲ್ಲಿ ಕೂತಿದ್ದೀರೋ, ಸಿಲ್ಕ್ ಬೋರ್ಡ್‌ನಲ್ಲಿ ಕ್ಯಾಬ್ ಒಳಗೆ ಸಿಕ್ಕಿಹಾಕ್ಕೊಂಡಿದ್ದೀರೋ ಗೊತ್ತಿಲ್ಲ. ಹೇಗಿದ್ರೂ ಒಂದಿಷ್ಟು ಟೈಮ್ ಇದೆ ಅಲ್ವಾ, ಬನ್ನಿ.

ತುಂಬಾ ಜನ ಕೇಳ್ತಾ ಇದ್ರಿ, "ಬೆಂಗಳೂರಿನ ಥೀಮ್ ಬಾರ್‌ಗಳ ಬಗ್ಗೆ ಒಂದು ಎಪಿಸೋಡ್ ಮಾಡಿ" ಅಂತ. ಮಾಡ್ತೀನಿ. ಆದ್ರೆ ನಾನು ಓದಿದ್ದು ಬಿ.ಕಾಂ. ಯಾವುದೇ ಅಂಗಡಿ ನೋಡಿದ್ರೂ ಮೊದಲು ತಲೆಗೆ ಬರೋದು ಲೈಸೆನ್ಸ್, ಬಾಡಿಗೆ, ಬಿಲ್ಲು. ಆಮೇಲೆ ಇತಿಹಾಸದ ಹುಚ್ಚು. ಹಾಗಾಗಿ ಇವತ್ತು ಗೋಡೆ ಮೇಲಿನ ಡೆಕೋರೇಶನ್ ಜೊತೆಗೆ, ಅದರ ಹಿಂದೆ ಏನಿದೆ ಅಂತಾನೂ ನೋಡೋಣ.

ಶುರು ಮಾಡೋದು ವೈಟ್‌ಫೀಲ್ಡ್‌ನಿಂದ. ನಾನು ಎರಡು ವರ್ಷ ಅಲ್ಲಿನ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡ್ಕೊಂಡಿದ್ದೆ. ಮೊದಲ ಸಂಬಳ ಬಂದಾಗ ಟೀಮಿನವರೆಲ್ಲ ಸೇರಿ ಇಪಿಐಪಿ ಜೋನ್‌ನ ವಿಂಡ್‌ಮಿಲ್ಸ್ ಕ್ರಾಫ್ಟ್‌ವರ್ಕ್ಸ್‌ಗೆ ಹೋಗಿದ್ವಿ. 2012ರಲ್ಲಿ ಶುರುವಾದ ಜಾಗ. ಬಿಯರ್ ಅಲ್ಲೇ ತಯಾರಾಗುತ್ತೆ. ಜಾಝ್ ಸಂಗೀತಕ್ಕೆ ಅಂತಲೇ ಒಂದು ಥಿಯೇಟರ್ ಇದೆ, ಸುತ್ತ ಪುಸ್ತಕಗಳ ಲೈಬ್ರರಿ ಇದೆ. ಐಟಿ ಪಾರ್ಕ್‌ಗಳ ನಡುವೆ ಯಾರೋ ಪುಸ್ತಕದ ಕಪಾಟು ಇಟ್ಟು, ಟ್ರಂಪೆಟ್ ಊದಿಸ್ತಾರೆ ಅಂದ್ರೆ ನನಗೆ ಆಶ್ಚರ್ಯ. ನೋಡಲೇಬೇಕಾದ ಜಾಗ, ಅದರಲ್ಲಿ ಎರಡು ಮಾತಿಲ್ಲ.

ಆದ್ರೆ ವೈಟ್‌ಫೀಲ್ಡ್‌ನ ಹಳೇ "ಥೀಮ್" ಇದಲ್ಲ. 1882ರಲ್ಲಿ ಮೈಸೂರು ಮಹಾರಾಜರು ಹತ್ತನೇ ಚಾಮರಾಜ ಒಡೆಯರ್ ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಜನರ ಸಂಘಕ್ಕೆ ಇಲ್ಲಿ ಸಾವಿರಾರು ಎಕರೆ ಜಮೀನು ಕೊಟ್ರು. ಆ ಸಂಘದ ಡಿ.ಎಸ್. ವೈಟ್ ಹೆಸರಿನಿಂದಲೇ ವೈಟ್‌ಫೀಲ್ಡ್. ಇನ್ನರ್ ಸರ್ಕಲ್ ಅಂತ ಈಗಲೂ ಕರೀತೀವಲ್ಲ, ಅದು ಆ ಹಳೇ ಊರಿನ ಗುರುತು. ಅಲ್ಲೇ ವೇವರ್ಲಿ ಇನ್ ಅಂತ ಒಂದು ತಂಗುದಾಣ ಇತ್ತು. 1896ರಲ್ಲಿ ಬೆಂಗಳೂರಿಗೆ ಬಂದ ಯುವ ಸೇನಾಧಿಕಾರಿ ವಿನ್‌ಸ್ಟನ್ ಚರ್ಚಿಲ್ ಆ ಇನ್‌ಗೆ ಬರ್ತಿದ್ದ, ಮಾಲೀಕರ ಮಗಳ ಮೇಲೆ ಮನಸ್ಸಿತ್ತು ಅಂತ ಊರಿನವರು ಕಥೆ ಹೇಳ್ತಾರೆ. ಅದು ಕಥೆ. ದಾಖಲೆ ಇರೋದು ಬೇರೆ ಕಡೆ: ಬೆಂಗಳೂರು ಕ್ಲಬ್ಬಿನ 1899ರ ಲೆಕ್ಕದ ಪುಸ್ತಕದಲ್ಲಿ ಚರ್ಚಿಲ್ ಹೆಸರಲ್ಲಿ 13 ರೂಪಾಯಿ ಬಾಕಿ ಇದೆ. ಕ್ಲಬ್ಬು ಅದನ್ನ ವಸೂಲಾಗದ ಸಾಲ ಅಂತ ಬರೆದು ಕೈ ತೊಳ್ಕೊಂಡಿತು. ನಮ್ಮ ಬಿ.ಕಾಂ ಭಾಷೆಯಲ್ಲಿ ಬ್ಯಾಡ್ ಡೆಟ್. ಬಾರ್ ಬಿಲ್ ಕಟ್ಟದೇ ಹೋದವರ ಪಟ್ಟಿಯಲ್ಲಿ ಮುಂದೆ ಪ್ರಧಾನಿಯಾದವರೂ ಇದ್ದಾರೆ ಅನ್ನೋದು ನನಗೆ ಯಾವಾಗಲೂ ಸಮಾಧಾನ.

ಹಾಗಂತ ನಮ್ಮೂರಿಗೆ ಥೀಮ್ ಬಾರ್ ಹೊಸದೇನಲ್ಲ. ನಮ್ಮ ಅಣ್ಣಂದಿರ ಕಾಲದಲ್ಲಿ ಚರ್ಚ್ ಸ್ಟ್ರೀಟ್‌ನಲ್ಲಿ ನಾಸಾ ಅಂತ ಪಬ್ ಇತ್ತು, ಒಳಗೆ ಹೋದ್ರೆ ರಾಕೆಟ್ ಹತ್ತಿದ ಹಾಗೆ. ಎಂ.ಜಿ. ರೋಡ್ ಕಡೆ ಲಂಡನ್ ಸುರಂಗ ರೈಲಿನ ಥರ ಅಂಡರ್‌ಗ್ರೌಂಡ್. ಪರ್ಪಲ್ ಹೇಝ್ ಅಂದ್ರೆ ಜಿಮಿ ಹೆಂಡ್ರಿಕ್ಸ್. 1989ರಲ್ಲಿ ಶುರುವಾದ ಪೆಕೋಸ್ ಅಂದ್ರೆ ಹಳೇ ರಾಕ್ ಹಾಡುಗಳು. ಇನ್ನೂ ಹಿಂದೆ ಹೋದ್ರೆ, ಕಾಕ್‌ಬರ್ನ್ ರೋಡಿನ ಡ್ಯುವರ್ಸ್ ಬಾರ್, 1933ರದ್ದು. ಅಲ್ಲಿ ಥೀಮ್ ಅಂತ ಯಾರೂ ಏನೂ ಮಾಡಿರಲಿಲ್ಲ. ಬೆತ್ತದ ಕುರ್ಚಿ, ಹಳೇ ಗೋಡೆ ಅಷ್ಟೇ. ಅದು ಮುಚ್ಚಿ ಹೋಯ್ತು.

1933 ಅಂದಾಗ ನೆನಪಿಗೆ ಬರೋದು ಅಮೆರಿಕ. ಅಲ್ಲಿ 1920ರಿಂದ 1933ರವರೆಗೆ ಇಡೀ ದೇಶದಲ್ಲಿ ಪಾನನಿಷೇಧ ಇತ್ತು. ಆಗ ಕದ್ದು ಮುಚ್ಚಿ ನಡೀತಿದ್ದ ಬಾರ್‌ಗಳಿಗೆ ಸ್ಪೀಕ್‌ಈಸಿ ಅಂತ ಹೆಸರು. ಮೆಲ್ಲಗೆ ಮಾತಾಡು, ಪೊಲೀಸರಿಗೆ ಕೇಳಿಸೀತು ಅನ್ನೋ ಅರ್ಥ. ಇವತ್ತು ಪ್ರಪಂಚದ ಎಷ್ಟೋ ದೊಡ್ಡ ಊರುಗಳಲ್ಲಿ ಕಾಕ್‌ಟೇಲ್ ಬಾರ್‌ಗಳಿಗೆ ಇದೊಂದು ಜನಪ್ರಿಯ ಥೀಮ್. ನಮ್ಮಲ್ಲೂ ಇದೆ. ಎಂ.ಜಿ. ರೋಡಿಂದ ವೈಟ್‌ಫೀಲ್ಡ್ ಕಡೆ ಬರುವಾಗ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ ಸಿಗುವ ಲೀಲಾ ಪ್ಯಾಲೇಸ್ ಹೋಟೆಲಿನ ಝಡ್‌ಎಲ್‌ಬಿ 23 ಜಪಾನಿನ ಕ್ಯೋಟೋ ನಗರದ ಥರದ ಸ್ಪೀಕ್‌ಈಸಿ. ಅಡುಗೆಮನೆ ಹಾದು ಒಳಗೆ ಹೋಗಬೇಕು. ಏಷ್ಯಾದ 50 ಅತ್ಯುತ್ತಮ ಬಾರ್‌ಗಳ ಪಟ್ಟಿಯಲ್ಲೂ ಅದರ ಹೆಸರು ಬಂದಿದೆ.

ಈ ಬಾರ್ ಬಗ್ಗೆ ನಾನು ನಮ್ಮ ಮಾವನಿಗೆ ಹೇಳಿದ್ದೆ. ಮಾವ ಅಂದ್ರೆ ಅಮ್ಮನ ತಮ್ಮ. ಎಲೆಕ್ಟ್ರಾನಿಕ್ ಸಿಟಿ ದಾಟಿ, ಆನೇಕಲ್ ಕಡೆ ಒಂದು ಹಳ್ಳಿಯಲ್ಲಿ ಇರ್ತಾರೆ. ಪೂರ್ತಿ ಕೇಳಿಸ್ಕೊಂಡು ಹೇಳಿದ್ರು: "ಅಲ್ಲ ಕಣೋ, ನಾವು ದುಡ್ಡಿಲ್ದೆ ಕದ್ದು ಕುಡಿದ್ವಿ. ನೀವು ದುಡ್ಡು ಕೊಟ್ಟು ಕದ್ದು ಕುಡಿಯೋ ಆಟ ಆಡ್ತೀರಾ?"

ನಾನು ನಕ್ಕೆ. ಆಮೇಲೆ ನಗು ನಿಂತುಹೋಯ್ತು. ಯಾಕೆ ಅಂತ ಹೇಳ್ತೀನಿ. ಅದಕ್ಕೆ ಮೊದಲು ಕಾಕ್‌ಟೇಲ್‌ನ ವಂಶವೃಕ್ಷ ಸ್ವಲ್ಪ ನೋಡಬೇಕು.

ಕಾಕ್‌ಟೇಲ್ ಅಂದ್ರೆ ಏನು ಅಂತ 1806ರಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಪತ್ರಿಕೆ ವಿವರಿಸಿತ್ತು: ಮದ್ಯ, ಸಕ್ಕರೆ, ನೀರು, ಕಹಿ ರಸ. ಆದ್ರೆ ಅದಕ್ಕೂ ಮೊದಲು ಪಂಚ್ ಇತ್ತು. ಈಸ್ಟ್ ಇಂಡಿಯಾ ಕಂಪನಿಯವರೊಬ್ಬರ 1632ರ ಪತ್ರದಲ್ಲೇ ಆ ಹೆಸರು ಸಿಗುತ್ತೆ. ಮದ್ಯ, ಸಕ್ಕರೆ, ನಿಂಬೆ, ನೀರು, ಮಸಾಲೆ, ಹೀಗೆ ಐದು. ನಮ್ಮ "ಪಂಚ" ಅನ್ನೋ ಪದದಿಂದಲೇ ಪಂಚ್ ಬಂತು ಅನ್ನೋದು ತುಂಬಾ ಜನ ಒಪ್ಪುವ ಮಾತು. ಅದಕ್ಕೆ ಹಾಕ್ತಿದ್ದ ಮದ್ಯ ಯಾವುದು ಗೊತ್ತಾ? ಸ್ಕಾಚ್ ಅಲ್ಲ, ಜಿನ್ ಅಲ್ಲ. ಅರ್ಯಾಕ್. ಅಂದ್ರೆ ಈ ಕಡೆಯ ಸಾರಾಯಿ. ಇಂಗ್ಲಿಷಿನವರು ಇಲ್ಲಿ ಕಲಿತು, ಹಡಗು ಹತ್ತಿಸ್ಕೊಂಡು ಹೋಗಿ, ಲಂಡನ್ನಿನಲ್ಲಿ ಪಂಚ್ ಹೌಸ್‌ಗಳನ್ನೇ ತೆರೆದ್ರು. ಒಂದು ಲೆಕ್ಕದಲ್ಲಿ ಕಾಕ್‌ಟೇಲ್‌ನ ಅಜ್ಜ ಸಾರಾಯಿ.

ಆ ಅಜ್ಜನಿಗೆ ಕರ್ನಾಟಕದಲ್ಲಿ ಏನಾಯ್ತು? ಸ್ವಾತಂತ್ರ್ಯ ಬಂದ ಮೇಲೆ ಈ ಕನ್ನಡ ನಾಡಿನ ಎಷ್ಟೋ ಕಡೆ ಪಾನನಿಷೇಧ ಇತ್ತು. ಆಗ ಮದ್ರಾಸಿಗೆ ಸೇರಿದ್ದ ಮಂಗಳೂರು ಕಡೆ, ಮುಂಬೈಗೆ ಸೇರಿದ್ದ ಧಾರವಾಡ ಕಡೆ, ಮೈಸೂರಿನ ಕೆಲವು ಜಿಲ್ಲೆಗಳಲ್ಲೂ. 1967ರ ಅಕ್ಟೋಬರ್‌ನಿಂದ ಹೊಸ ಅಬಕಾರಿ ಕಾಯ್ದೆ ಜಾರಿಗೆ ಬಂತು, ಸರ್ಕಾರಕ್ಕೆ ಮದ್ಯ ಒಂದು ದೊಡ್ಡ ಆದಾಯ ಆಯ್ತು. ಸಾರಾಯಿ ಅಂಗಡಿಗಳು ಹರಾಜಾದವು. 1970ರ ದಶಕದಲ್ಲಿ ಪೀಣ್ಯದಲ್ಲಿ ಶೆಡ್‌ಗಳು ಎದ್ದವು, 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯ ಆರ್.ಕೆ. ಬಾಳಿಗರ ಕನಸಿನಂತೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಶುರುವಾಯ್ತು. ಕಟ್ಟಡ ಕಟ್ಟೋರು, ಲೇತ್ ಮೆಷಿನ್ ಓಡಿಸೋರು, ಕಲ್ಲು ಒಡೆಯೋರು ಸಂಜೆ ಹೋಗ್ತಿದ್ದದ್ದು ಪ್ಯಾಕೆಟ್ ಸಾರಾಯಿ ಅಂಗಡಿಗೆ. ಅದು ಒಳ್ಳೇ ಜಾಗ ಅಂತ ನಾನು ಹೇಳ್ತಿಲ್ಲ. ನಮ್ಮ ಅಮ್ಮನನ್ನ ಕೇಳಿದ್ರೆ ಅವರ ಅಪ್ಪನ ಕೂಲಿ ದುಡ್ಡು ಎಲ್ಲಿಗೆ ಹೋಗ್ತಿತ್ತು ಅಂತ ಹೇಳ್ತಾರೆ. ಸಾರಾಯಿ ನಿಲ್ಲಿಸಿ ಅಂತ ಊರೂರಲ್ಲಿ ಹೆಂಗಸರು ಬೀದಿಗೆ ಇಳಿದದ್ದು ಸುಮ್ಮನೆ ಅಲ್ಲ.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧ ಆಯ್ತು. ಸಾರಾಯಿ ಮಾತ್ರ. ವಿಸ್ಕಿ, ರಮ್ಮು, ಬ್ರಾಂಡಿ ಹಾಗೇ ಇದ್ವು. ಇಲ್ಲಿ ಒಂದು ವಿಷಯ ಗಮನಿಸಿ: ನಮ್ಮ ಸಾರಾಯಿಗೂ, ಅಗ್ಗದ ವಿಸ್ಕಿ ರಮ್ಮಿಗೂ ಮೂಲ ಬಹುಪಾಲು ಒಂದೇ, ಸಕ್ಕರೆ ಕಾರ್ಖಾನೆಯ ಕಾಕಂಬಿ. ಬಣ್ಣ, ವಾಸನೆ, ಲೇಬಲ್, ತೆರಿಗೆ, ಬೆಲೆ ಬೇರೆ. ದಿನಗೂಲಿಯವನಿಗೆ ಲೇಬಲ್ ಇರೋ ಬಾಟಲಿ ದುಬಾರಿ ಆಯ್ತು. ಚಟ ಮಾತ್ರ ಕಾನೂನು ಬದಲಾದ ದಿನವೇ ಬದಲಾಗಲ್ಲ.

ಒಂದು ವರ್ಷವೂ ಆಗಿರಲಿಲ್ಲ. 2008ರ ಮೇ ತಿಂಗಳು, ವಿಧಾನಸಭಾ ಚುನಾವಣೆ ನಡೀತಿತ್ತು. ನನಗೆ ಹತ್ತು ಹನ್ನೊಂದು ವರ್ಷ, ಬೇಸಿಗೆ ರಜೆಗೆ ಅಜ್ಜಿ ಮನೆಯಲ್ಲಿದ್ದೆ. ಆನೇಕಲ್, ಕೋಲಾರ, ಬೆಂಗಳೂರಿನ ಅಂಚು, ಗಡಿಯಾಚೆ ಕೃಷ್ಣಗಿರಿ, ಎಲ್ಲ ಕಡೆ ಕಳ್ಳಭಟ್ಟಿ ಕುಡಿದು ಜನ ಸಾಯೋಕೆ ಶುರುವಾಯ್ತು. ಎರಡೂ ರಾಜ್ಯ ಸೇರಿ 150ಕ್ಕೂ ಹೆಚ್ಚು ಜನ ಹೋದ್ರು. ಕಾರಣ ಮೆಥನಾಲ್. ನೋಡೋಕೆ, ಮೂಸೋಕೆ ಕುಡಿಯುವ ಮದ್ಯದ ಹಾಗೇ ಇರುತ್ತೆ. ದೇಹದೊಳಗೆ ಹೋಗಿ ಫಾರ್ಮಿಕ್ ಆಮ್ಲ ಆಗುತ್ತೆ, ಮೊದಲು ಕಣ್ಣಿನ ನರಕ್ಕೆ ಹೊಡೆಯುತ್ತೆ. ಬೆಂಗಳೂರಿಗೆ ಇದು ಮೊದಲ ಸಲವೂ ಅಲ್ಲ, 1981ರ ಜುಲೈನಲ್ಲಿ ಇದೇ ಥರ 300ಕ್ಕೂ ಹೆಚ್ಚು ಜನ ಸತ್ತಿದ್ರು.

ನಮ್ಮ ಮಾವ ಬದುಕಿದ್ರು. ಬೆಳಗ್ಗೆ ಎದ್ದು, "ಅಕ್ಕಾ, ಇನ್ನೂ ಬೆಳಕು ಹರಿದಿಲ್ವಾ?" ಅಂತ ಕೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ. ಆಗ ಎಂಟು ಗಂಟೆ. ಅಂಗಳದ ತುಂಬಾ ಬಿಸಿಲಿತ್ತು. ಅವರ ಕಣ್ಣು ವಾಪಸ್ ಬರಲಿಲ್ಲ.

ಈಗ ಮತ್ತೆ ಸ್ಪೀಕ್‌ಈಸಿಗೆ ಬನ್ನಿ. ಅಮೆರಿಕದ ಆ ಕಾಲವನ್ನ ನಾವು ಜಾಝ್, ಗುಪ್ತ ಬಾಗಿಲು, ಟೋಪಿ ಹಾಕಿದ ಗೂಂಡಾಗಳು ಅಂತ ನೆನಪಿಟ್ಟಿದ್ದೀವಿ. ಆದ್ರೆ ಆಗ ಅಲ್ಲಿನ ಸರ್ಕಾರ ಕಾರ್ಖಾನೆಗೆ ಹೋಗೋ ಆಲ್ಕೋಹಾಲ್ ಯಾರೂ ಕುಡಿಯಬಾರದು ಅಂತ ಅದಕ್ಕೆ ಮೆಥನಾಲ್ ಬೆರೆಸುವಂತೆ ಮಾಡಿತ್ತು. ಅದನ್ನೇ ಕದ್ದು, ಸೋಸಿ, ಮಾರ್ತಿದ್ರು. ಅದನ್ನ ಕುಡಿದು ಸತ್ತವರು, ಕುರುಡಾದವರು ಅಲ್ಲೂ ಇದ್ರು. ಕ್ಯೋಟೋ ಆಗಲಿ ನ್ಯೂಯಾರ್ಕ್ ಆಗಲಿ, ಯಾವ ಸ್ಪೀಕ್‌ಈಸಿಯ ಗೋಡೆ ಮೇಲೂ ಅವರ ಫೋಟೋ ಇರಲ್ಲ. ಅದು ಬಾರ್‌ನವರ ತಪ್ಪು ಅಂತ ನಾನು ಹೇಳ್ತಿಲ್ಲ. ದುಡ್ಡು ಕೊಟ್ಟು ಬಂದವರ ಶನಿವಾರ ಹಾಳು ಮಾಡೋದು ಅವರ ವ್ಯಾಪಾರ ಅಲ್ಲ. ಆ ಕಥೆ ಹೇಳೋದು ನಮ್ಮಂಥವರ ಕೆಲಸ.

ಇನ್ನು ನನ್ನ ಬಿ.ಕಾಂ ಬುದ್ಧಿಗೆ ಹೊಳೆದದ್ದು. ಬೆಂಗಳೂರಿನ ಬೋರ್ಡ್‌ಗಳನ್ನ ಸರಿಯಾಗಿ ಓದಿ. ಸಿಎಲ್-2 ಅಂದ್ರೆ ವೈನ್ ಶಾಪ್, ಪಾರ್ಸೆಲ್ ಮಾತ್ರ, ಅಲ್ಲೇ ಕುಡಿಯೋ ಹಾಗಿಲ್ಲ. ಸಿಎಲ್-9 ಅಂದ್ರೆ ಬಾರ್ ಅಂಡ್ ರೆಸ್ಟೋರೆಂಟ್. ಸಿಎಲ್-7 ಅಂದ್ರೆ ರೂಮ್ ಇರೋ ಹೋಟೆಲ್. ಅಂದ್ರೆ ಕಾನೂನು ಕುಡಿಯೋದಕ್ಕಿಂತ ಹೆಚ್ಚಾಗಿ ಕೂರೋದಕ್ಕೆ ಲೈಸೆನ್ಸ್ ಕೊಡುತ್ತೆ. ಕುರ್ಚಿಗೆ ದುಡ್ಡು ಕೊಡೋಕೆ ಆಗುವವನಿಗೆ ಬೆಳಕು, ಊಟ, ನೀರು, ಸಂಗೀತ, ಜಾಸ್ತಿ ಆಯ್ತು ಅಂದ್ರೆ ಕ್ಯಾಬ್ ಹತ್ತಿಸೋಕೆ ಒಬ್ಬರು. ಆಗದವನಿಗೆ ಪೀಣ್ಯದ ಫ್ಯಾಕ್ಟರಿ ಗೋಡೆ ಪಕ್ಕ ನಿಂತು, ಪ್ಲಾಸ್ಟಿಕ್ ಲೋಟ, ಎರಡು ಗುಟುಕು, ಯಾರಾದ್ರೂ ನೋಡ್ತಾರೆ ಅನ್ನೋ ಭಯ. ಇದೂ ಒಂದು ಸ್ಪೀಕ್‌ಈಸಿ ಅಲ್ವಾ? ಥೀಮ್ ಇಲ್ಲ ಅಷ್ಟೇ.

ಹಾಗಾದ್ರೆ ಥೀಮ್ ಬಾರ್‌ಗೆ ಹೋಗಬಾರದಾ? ಹೋಗಿ. ನಾನೂ ಹೋಗ್ತೀನಿ. ವಯಸ್ಸು 21 ಆಗಿರಲಿ, ಜೇಬು ನೋಡ್ಕೊಳ್ಳಿ. ಒಂದು ಭಾನುವಾರ ಬೆಳಗ್ಗೆ ವೈಟ್‌ಫೀಲ್ಡ್ ಇನ್ನರ್ ಸರ್ಕಲ್ ಸುತ್ತಿ, ಸಂಜೆ ವಿಂಡ್‌ಮಿಲ್ಸ್‌ನಲ್ಲಿ ಜಾಝ್ ಕೇಳಿ. ಕಾಕ್‌ಟೇಲ್ ಮೆನುವಿನಲ್ಲಿ ಪಂಚ್ ಇದ್ರೆ, ಪಕ್ಕದವರಿಗೆ ಆ ಐದರ ಲೆಕ್ಕ ಹೇಳಿ. ಬೈಕ್ ಮಾತ್ರ ಮನೇಲಿ ಬಿಟ್ಟು ಹೋಗಿ. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್ ದಾಟಿದ್ರೆ ಕೇಸು, ಮೊದಲ ಸಲವೇ 10,000 ರೂಪಾಯಿವರೆಗೆ ದಂಡ. ಪೀಣ್ಯಕ್ಕೆ 2014ರಿಂದ, ವೈಟ್‌ಫೀಲ್ಡ್‌ಗೆ 2023ರಿಂದ, ಎಲೆಕ್ಟ್ರಾನಿಕ್ ಸಿಟಿಗೆ 2025ರ ಆಗಸ್ಟ್‌ನಿಂದ ಮೆಟ್ರೋ ಇದೆ. ಇನ್ನು ನೆಪ ಹೇಳೋ ಹಾಗಿಲ್ಲ.

ಹೋದ ತಿಂಗಳು ಹಳದಿ ಲೈನ್‌ನಲ್ಲಿ ಮಾವನನ್ನ ಕರ್ಕೊಂಡು ಬಂದೆ. ಎಲೆಕ್ಟ್ರಾನಿಕ್ ಸಿಟಿ ಸ್ಟೇಷನ್ ಹೆಸರು ಅನೌನ್ಸ್ ಆದಾಗ, "ಇಲ್ಲೆಲ್ಲ ನಾನು ಕಲ್ಲು ಹೊತ್ತಿದ್ದೆ ಕಣೋ, ಈಗ ಹೇಗಿದೆ?" ಅಂದ್ರು. ಕಿಟಕಿ ಆಚೆ ಕಾಣೋದನ್ನ ಒಂದೊಂದಾಗಿ ಹೇಳ್ತಾ ಹೋದೆ. ಗಾಜಿನ ಕಟ್ಟಡ, ಫ್ಲೈಓವರ್, ಒಂದು ಬಾರಿನ ದೊಡ್ಡ ಬೋರ್ಡ್. "ಅದರೊಳಗೆ ಏನಿದೆ?" ಅಂತ ಕೇಳಿದ್ರು. "ಕುರ್ಚಿ ಇದೆ ಮಾವ" ಅಂದೆ. ಅವರು ನಕ್ಕರು.

ನಿಮ್ಮ ಊರಲ್ಲಿ, ನಿಮ್ಮ ಮನೆಯಲ್ಲಿ 1981ರದ್ದೋ 2008ರದ್ದೋ ಇಂಥ ನೆನಪು ಇದ್ರೆ, ಹಿರಿಯರ ಹತ್ರ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಕೊಳ್ಳಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ. ನಮಸ್ಕಾರ.