ನೌಕರಿ ಹಿಡಿದ ದಿನ, ಹೆಸರು ಹತ್ತಿದ ದಿನ

ರೋಣ, ನರಗುಂದ, ಗಜೇಂದ್ರಗಡದ ಸುತ್ತಿನ ಯಾವುದಾದರೊಂದು ಹಳ್ಳಿಯ ಕುಲಕರ್ಣಿಯನ್ನು ನೂರು ವರ್ಷದ ಹಿಂದೆ ‘ನೀವು ಚಾಕರಿಗೆ ಸೇರಿದ ತಾರೀಖು ಯಾವುದು?’ ಎಂದು ಕೇಳಿದ್ದರೆ ಆತ ಕಣ್ಣು ಪಿಳುಕಿಸುತ್ತಿದ್ದನೇ ಹೊರತು ಉತ್ತರ ಹೇಳುತ್ತಿರಲಿಲ್ಲ. ಅವನದು ವತನದ ಕೆಲಸ. ಅಪ್ಪನಿಂದ ಬಂದದ್ದು, ಮಗನಿಗೆ ಹೋಗುವಂಥದ್ದು. ಗೌಡಿಕೆ, ಶೇತಸನದಿ, ತಳವಾರಿಕೆಗಳೂ ಹಾಗೆಯೇ. ಇನಾಮು ಬಿಟ್ಟ ಹೊಲವೇ ಸಂಬಳ, ಮುಪ್ಪಿಗೂ ಅದೇ ಹೊಲ. ಕೈಕಾಲು ಸೋತಾಗ ಮಗ ಚಾಕರಿಗೆ ನಿಲ್ಲುತ್ತಿದ್ದ, ಹೊಲ ಮನೆಯಲ್ಲೇ ಉಳಿಯುತ್ತಿತ್ತು. ಸೇರಿದ ದಿನವೂ ಇಲ್ಲ, ಬಿಟ್ಟ ದಿನವೂ ಇಲ್ಲ. ಆ ಮನೆತನಗಳಲ್ಲಿ ಹುಟ್ಟದವರಿಗೆ ಮಾತ್ರ ಇದರಲ್ಲಿ ಏನೂ ಇರಲಿಲ್ಲ ಎಂಬುದನ್ನು ಮರೆಯುವಂತಿಲ್ಲ.

ಮುಂಬಯಿ ಸರ್ಕಾರದ ಕಾಯ್ದೆಯಿಂದ ಕುಲಕರ್ಣಿ ವತನಗಳು 1951ರ ಮೇ 1ರಂದು ಕೊನೆಗೊಂಡವು. ಉಳಿದ ಗ್ರಾಮಾಧಿಕಾರಗಳನ್ನು ಮೈಸೂರು ರಾಜ್ಯದ 1961ರ ಕಾಯ್ದೆ 1963ರ ಫೆಬ್ರುವರಿ 1ರಿಂದ ತೆಗೆದುಹಾಕಿತು. ಕುಲಕರ್ಣಿಯ ಗಾದಿಯಲ್ಲಿ ಸಂಬಳದ ತಲಾಟಿ ಬಂದು ಕುಳಿತ. ಅವನ ಜೊತೆಗೆ ಬಂದದ್ದು ಸೇವಾ ಪುಸ್ತಕ. ಅದರಲ್ಲಿ ಬರೆದ ಒಂದು ತಾರೀಖಿನ ಮೇಲೆ ಬಡ್ತಿ, ನಿವೃತ್ತಿ, ಪಿಂಚಣಿ ಎಲ್ಲವೂ ನಿಂತವು.

ನಡುವೆ ಆಡಳಿತವೇ ಬದಲಾಯಿತು. 1956ರ ನವೆಂಬರ್ 1ರಂದು ಧಾರವಾಡ ಜಿಲ್ಲೆ ಮುಂಬಯಿಯಿಂದ ಮೈಸೂರಿಗೆ ಸೇರಿತು. ಇಂದಿನ ಗದಗ ಜಿಲ್ಲೆಯ ಈ ಭಾಗವೂ ಅದರೊಳಗಿತ್ತು. ಹಿಂದಿನ ದಿನದವರೆಗೆ ಮುಂಬಯಿಯ ನೌಕರನಾಗಿದ್ದವನು ಬೆಳಗಾಗುವಷ್ಟರಲ್ಲಿ ಮೈಸೂರಿನ ನೌಕರ. ಹಾಗಾದರೆ ಹಿಂದಿನ ಸೇವೆ? ಇಂಥವರ ಸೇವಾ ಷರತ್ತುಗಳನ್ನು ಕೇಂದ್ರದ ಒಪ್ಪಿಗೆಯಿಲ್ಲದೆ ಅವರಿಗೆ ನಷ್ಟವಾಗುವಂತೆ ಬದಲಿಸಕೂಡದೆಂದು ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 115ನೆಯ ಕಲಮು ಹೇಳಿತು. ಗಡಿ ಸರಿದರೂ ನೌಕರನ ಹಕ್ಕು ಸರಿಯಬಾರದೆಂಬ ಎಚ್ಚರ ಅಲ್ಲಿತ್ತು.

ತಾರೀಖಿನ ಗೆರೆ ಎಲ್ಲಿ ಎಳೆಯಬಹುದು ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೂ ಹೋಯಿತು. 1979ರಲ್ಲಿ ಕೇಂದ್ರ ಸರ್ಕಾರ ಪಿಂಚಣಿಯ ಲೆಕ್ಕವನ್ನು ಉದಾರಗೊಳಿಸಿ, ಆ ವರ್ಷದ ಮಾರ್ಚ್ 31ಕ್ಕೆ ಸೇವೆಯಲ್ಲಿದ್ದವರಿಗೆ ಮಾತ್ರ ಅದರ ಲಾಭವೆಂದಿತು. ಡಿ.ಎಸ್. ನಕಾರ ಮೊಕದ್ದಮೆಯಲ್ಲಿ 1982ರ ಡಿಸೆಂಬರ್ 17ರಂದು ನ್ಯಾಯಾಲಯ ಆ ಗೆರೆಯನ್ನು ಅಳಿಸಿತು. ಪಿಂಚಣಿ ದೊರೆಯ ದಯೆಯಲ್ಲ, ದುಡಿದವನ ಹಕ್ಕು ಎಂದಿತು. ನಿವೃತ್ತರು ಇಂದಿಗೂ ಆ ದಿನವನ್ನು ಪಿಂಚಣಿದಾರರ ದಿನವಾಗಿ ಆಚರಿಸುತ್ತಾರೆ.

ಆದರೆ ಹೊಸದಾಗಿ ಸೇರುವವರಿಗೆ ಹೊಸ ಪದ್ಧತಿ ತರುವುದು ಬೇರೆ ಮಾತು. ಕರ್ನಾಟಕ ಸರ್ಕಾರ 2006ರ ಏಪ್ರಿಲ್ 1ರಿಂದ ಸೇರಿದ ತನ್ನ ನೌಕರರನ್ನು ವಂತಿಗೆ ಆಧಾರಿತ ಹೊಸ ಪಿಂಚಣಿಗೆ ಸೇರಿಸಿತು. ಹಳೆಯದರಲ್ಲಿ ಕೊನೆಯ ವೇತನದ ಮೇಲೆ ನಿಗದಿಯಾದ ಪಿಂಚಣಿ. ಹೊಸದರಲ್ಲಿ ಕೂಡಿಟ್ಟ ಹಣ ಮಾರುಕಟ್ಟೆಯಲ್ಲಿ ಬೆಳೆದಷ್ಟು. ಒಂದೇ ಅಧಿಸೂಚನೆ, ಒಂದೇ ಪರೀಕ್ಷೆ, ಒಂದೇ ಆಯ್ಕೆ ಪಟ್ಟಿ ಎಂದುಕೊಳ್ಳಿ. ಪಟ್ಟಿಯಲ್ಲಿದ್ದ ಒಬ್ಬರು ಮಾರ್ಚ್ ಕೊನೆಯಲ್ಲಿ ರೋಣ ತಾಲ್ಲೂಕಿನ ಶಾಲೆಗೆ ಹಾಜರಾದರು. ಇನ್ನೊಬ್ಬರಿಗೆ ಆದೇಶದ ಪ್ರತಿ ತಡವಾಗಿ ಬಂದು ಏಪ್ರಿಲ್‌ನಲ್ಲಿ ನರಗುಂದದಲ್ಲಿ ಹಾಜರಾದರು. ತಡ ಮಾಡಿದ್ದು ಕಚೇರಿ, ದಂಡ ತೆತ್ತದ್ದು ಮೇಷ್ಟ್ರು. 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ತನ್ನ ನೌಕರರ ವಿಷಯದಲ್ಲಿ ಇಂಥದೇ ತೊಡಕನ್ನು ಬಿಡಿಸಿತು. 2024ರ ಜನವರಿಯಲ್ಲಿ ಕರ್ನಾಟಕವೂ ಅದೇ ಹಾದಿ ಹಿಡಿದು, 2006ರ ಏಪ್ರಿಲ್ 1ಕ್ಕೆ ಮೊದಲೇ ಅಧಿಸೂಚನೆಯಾದ ನೇಮಕಾತಿಗಳ ಸುಮಾರು 13,000 ನೌಕರರಿಗೆ ಹಳೆಯ ಪಿಂಚಣಿಗೆ ಮರಳುವ ಅವಕಾಶ ಕೊಟ್ಟಿತು. ಅಷ್ಟಕ್ಕೆ ಹದಿನೆಂಟು ವರ್ಷ ಹಿಡಿಯಿತು.

ಖಾಸಗಿ ನೌಕರರ ಕಥೆಯಲ್ಲಿ ತಾರೀಖು ಇನ್ನೂ ನಾಜೂಕಾದದ್ದು. 1952ರ ಭವಿಷ್ಯ ನಿಧಿ ಕಾಯ್ದೆಯ ಮೊದಲ ದಶಕಗಳಲ್ಲಿ ಕೆಲಸಗಾರ ನಿಗದಿಯಾದಷ್ಟು ಕಾಲ ದುಡಿದ ಮೇಲಷ್ಟೇ ಸದಸ್ಯನಾಗುತ್ತಿದ್ದ. ಹಾಗಾಗಿ ಕೆಲಸಕ್ಕೆ ಬಂದ ದಿನ ಮತ್ತು ಸದಸ್ಯತ್ವದ ದಿನ ಬೇರೆ ಬೇರೆ. ಆ ಅವಧಿ ಮುಗಿಯುವ ಮೊದಲೇ ಕೆಲಸದಿಂದ ತೆಗೆದು ಮತ್ತೆ ಹೊಸಬನಂತೆ ಸೇರಿಸಿಕೊಳ್ಳುವ ಮಾಲೀಕನಿಗೆ ಇದು ಅನುಕೂಲದ ಕಿಂಡಿಯಾಗಿತ್ತು. 1990ರ ನವೆಂಬರ್ 1ರಿಂದ ಅದು ಮುಚ್ಚಿತು. ಸೇರಿದ ಮೊದಲ ದಿನವೇ ಸದಸ್ಯತ್ವ ಎಂದಾಯಿತು.

1995ರ ನವೆಂಬರ್ 16ರಂದು ಬಂದ ನೌಕರರ ಪಿಂಚಣಿ ಯೋಜನೆಯಲ್ಲಿ ಈ ತಾರೀಖಿನ ಬೆಲೆ ಮತ್ತೂ ಏರಿತು. ತಿಂಗಳ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಆರು ತಿಂಗಳು ಅಥವಾ ಹೆಚ್ಚಿನ ಚೂರನ್ನು ಒಂದು ವರ್ಷವೆಂದು ಎಣಿಸುವುದರಿಂದ ಒಂಬತ್ತೂವರೆ ವರ್ಷವಾದವರು ಹತ್ತಕ್ಕೆ ಸಲ್ಲುತ್ತಾರೆ. ಒಂಬತ್ತು ವರ್ಷ ಐದು ತಿಂಗಳಾದರೆ ಒಂದು ಗಂಟಿನ ಹಣ ಸಿಕ್ಕೀತು, ತಿಂಗಳ ಪಿಂಚಣಿ ಇಲ್ಲ. ಮಾಲೀಕ ಹೆಸರು ಹಚ್ಚುವುದನ್ನು ಒಂದೆರಡು ತಿಂಗಳು ತಡ ಮಾಡಿದರೆ ಆ ಕಾಲದ ದುಡಿಮೆ ಮಸ್ಟರಿನಲ್ಲಿ ಇರುತ್ತದೆ, ಪಿಂಚಣಿಯ ಖಾತೆಯಲ್ಲಿ ಇರುವುದಿಲ್ಲ. ಅಷ್ಟರಿಂದಲೇ ಒಬ್ಬ ಗುಮಾಸ್ತನ ಮುಪ್ಪಿನ ಲೆಕ್ಕ ತಪ್ಪಬಹುದು. ಚಾಕರಿ ಬಿಡುವ ಹೊತ್ತಿಗೆ ಇದು ಗೊತ್ತಾದರೆ, ಹತ್ತು ವರ್ಷದ ಹಿಂದೆ ಸೇರಿದ್ದಕ್ಕೆ ಪುರಾವೆ ಹುಡುಕಿ ತಿರುಗಬೇಕಾಗುತ್ತದೆ.

ಇಷ್ಟೆಲ್ಲ ಲೆಕ್ಕವಿದ್ದರೂ ಗಜೇಂದ್ರಗಡದ ಮನೆಮಗ್ಗದ ಮುಂದೆ ಅದು ನಿಲ್ಲುತ್ತದೆ. ಪಟ್ಟೆದ ಅಂಚಿನ ಸೀರೆ ನೇಯುವ ನೇಕಾರನಿಗೆ ಸೀರೆಗಿಷ್ಟು ಎಂದು ಕೂಲಿ. ಮಗ್ಗದ ಮುಂದೆ ಕುಳಿತದ್ದು ಹನ್ನೆರಡನೆಯ ವಯಸ್ಸಿಗೋ ಹದಿನಾಲ್ಕಕ್ಕೋ ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ಭವಿಷ್ಯ ನಿಧಿ ಸಾಮಾನ್ಯವಾಗಿ ಇಪ್ಪತ್ತು ಜನರಾದರೂ ದುಡಿಯುವ ಸಂಸ್ಥೆಗಳಿಗೆ ಅನ್ವಯಿಸುವಂಥದ್ದು. ಮನೆಯಲ್ಲಿ ಗಂಡ ಹೆಂಡತಿ ಕೂಡಿ ನೇಯುವ ಮಗ್ಗ ಅದರೊಳಗೆ ಬರುವುದಿಲ್ಲ. 2015ರ ಅಟಲ್ ಪಿಂಚಣಿ, 2019ರ ಶ್ರಮಯೋಗಿ ಮಾನ್‌ಧನ್ ಯೋಜನೆಗಳು ಇಂಥವರನ್ನೂ ಕರೆದವು. ಎರಡಕ್ಕೂ ಸೇರುವ ವಯಸ್ಸು 18ರಿಂದ 40. ಶ್ರಮಯೋಗಿ ಬಂದ ವರ್ಷ ನಲವತ್ತೈದಾಗಿದ್ದ ನೇಕಾರ ಅಷ್ಟು ಹೊತ್ತಿಗೆ ಮೂವತ್ತು ವರ್ಷ ನೇಯ್ದಿದ್ದ.