ದೃಷ್ಟಿಗೆ ಕಟ್ಟಿದ ಕುಂಬಳಕಾಯಿ ಕೊಳೆತರೆ ಅಪಶಕುನವೇ?

ಸಾರಾಂಶ

ಬಾಗಿಲಿಗೆ ಕಟ್ಟಿದ ಬೂದುಗುಂಬಳ ಬೇಗ ಕೊಳೆತರೆ ಮನೆಗೆ ಕೆಟ್ಟ ದೃಷ್ಟಿ ತಗುಲಿದೆ ಎಂದು ಹಲವರು ನಂಬುತ್ತಾರೆ. ನಾವು ಇದನ್ನು ಪರಿಶೀಲಿಸಿದಾಗ ವೈಜ್ಞಾನಿಕ ಆಧಾರ ಸಿಗಲಿಲ್ಲ. ಕೊಳೆಯಲು ಕಾರಣ ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾ.

ನಂಬಿಕೆ ಏನು?

ಹೊಸ ಮನೆ, ಅಂಗಡಿಗಳ ಮುಂದೆ ಬೂದುಗುಂಬಳ ಕಟ್ಟುವ ರೂಢಿ ಕರ್ನಾಟಕದಲ್ಲೂ ಮಹಾರಾಷ್ಟ್ರದಲ್ಲೂ ಇದೆ. ನಿಪ್ಪಾಣಿ, ಭೋಜದಂಥ ಗಡಿ ಊರುಗಳ ಮರಾಠಿ ಮನೆಗಳಲ್ಲಿ ಇದೇ ಕಾಯಿಗೆ 'ಕೋಹಳಾ' ಎನ್ನುತ್ತಾರೆ. ಕಟ್ಟಿದ ಕೆಲವೇ ದಿನಗಳಲ್ಲಿ ಕಾಯಿ ಸೋರತೊಡಗಿದರೆ ಮನೆಯವರು ಗಾಬರಿಯಾಗುತ್ತಾರೆ, ಶಾಂತಿ ಮಾಡಿಸಲು ಹಣ ಖರ್ಚು ಮಾಡುತ್ತಾರೆ.

ಕಾಯಿ ಕೊಳೆಯುವುದು ಏಕೆ?

ಬೂದುಗುಂಬಳದಲ್ಲಿ ಶೇ. 95ಕ್ಕೂ ಹೆಚ್ಚು ನೀರಿದೆ. ಮೇಲಿನ 'ಬೂದಿ' ನಿಜವಾಗಿ ಮೇಣದ ಪದರ. ಅದು ಒಳಗಿನ ತೇವವನ್ನು ಕಾಪಾಡುತ್ತದೆ, ಹೊರಗಿನ ನೀರು ನಿಲ್ಲದಂತೆ ಮಾಡುತ್ತದೆ. ಹೀಗಾಗಿ ಚೆನ್ನಾಗಿ ಬಲಿತ ಕಾಯಿ ತಿಂಗಳುಗಟ್ಟಲೆ ಉಳಿಯುತ್ತದೆ. ಸಿಪ್ಪೆಗೆ ಗೀರು ಬಿದ್ದರೆ ಅಥವಾ ತೊಟ್ಟು ಮುರಿದರೆ ಆ ಗಾಯದಿಂದ ಸೂಕ್ಷ್ಮಜೀವಿಗಳು ಒಳಹೋಗುತ್ತವೆ.

ಒಂದೇ ದಿನ ಅಕ್ಕಪಕ್ಕದ ಮನೆಗಳಲ್ಲಿ ಕಟ್ಟಿದ ಎರಡು ಕಾಯಿಗಳಲ್ಲಿ ಒಂದು ಮಾತ್ರ ಕೊಳೆಯುವುದೂ ಇದರಿಂದಲೇ. ಒಂದು ಎಳೆಯದಿರಬಹುದು, ಸಾಗಿಸುವಾಗ ಪೆಟ್ಟು ತಿಂದಿರಬಹುದು ಅಥವಾ ಮಳೆಗೆ ನೆನೆದಿರಬಹುದು. ದೂಧಗಂಗಾ, ವೇದಗಂಗಾ ತೀರದ ಊರುಗಳಲ್ಲಿ ಮಳೆಗಾಲದ ತೇವ ಗಾಳಿಯೂ ಶಿಲೀಂಧ್ರಕ್ಕೆ ಅನುಕೂಲ.

ಪ್ರದರ್ಶನಕ್ಕೆ ಬೆಳೆಸುವ ದೈತ್ಯ ಕುಂಬಳಕ್ಕೂ ಇದೇ ನಿಯಮ. 2023ರಲ್ಲಿ ಕ್ಯಾಲಿಫೋರ್ನಿಯಾದ ಹಾಫ್ ಮೂನ್ ಬೇ ಸ್ಪರ್ಧೆಯಲ್ಲಿ ಗೆದ್ದ ಕುಂಬಳ ಸುಮಾರು 1,247 ಕೆ.ಜಿ. ತೂಗಿತ್ತು. ಅಷ್ಟು ಭಾರದ ಕಾಯಿಯ ಅಡಿಭಾಗಕ್ಕೆ ಗಾಳಿಯಾಡದಿದ್ದರೆ ಅಲ್ಲಿಂದಲೇ ಕೊಳೆ ಶುರುವಾಗಬಹುದು.

ಕೊಳೆಯದಂತೆ ಇಡುವುದು ಹೇಗೆ?

• ಉಗುರು ಇಳಿಯದಷ್ಟು ಸಿಪ್ಪೆ ಗಟ್ಟಿಯಾದ, ಮೈತುಂಬ ಬೂದಿಯಿರುವ, ಗಾಯವಿಲ್ಲದ ಕಾಯಿ ಆರಿಸಿ.
• ಕೊಯ್ಯುವಾಗ ನಾಲ್ಕೈದು ಸೆಂ.ಮೀ. ತೊಟ್ಟು ಬಿಡಿ. ತೊಟ್ಟು ಹಿಡಿದು ಎತ್ತಬೇಡಿ.
• ಬೂದುಗುಂಬಳದ ಬೂದಿಯನ್ನು ಉಜ್ಜಿ ತೊಳೆಯಬೇಡಿ.
• ತಂತಿ ಅಥವಾ ಮೊಳೆ ಚುಚ್ಚದೆ ಹಗ್ಗದ ಬಲೆಯಲ್ಲಿ, ಮಳೆ ಮತ್ತು ನೇರ ಬಿಸಿಲು ತಾಗದಂತೆ ಕಟ್ಟಿ.
• ಸಿಹಿಗುಂಬಳವನ್ನು ಕೊಯ್ದ ಮೇಲೆ ಸುಮಾರು 10 ದಿನ ಬೆಚ್ಚಗಿನ, ಗಾಳಿಯಾಡುವ ಜಾಗದಲ್ಲಿಡಿ. ಸಣ್ಣ ಗೀರುಗಳು ಒಣಗಿ ಸಿಪ್ಪೆ ಗಟ್ಟಿಯಾಗುತ್ತದೆ. ಆಮೇಲೆ ಒಣಹುಲ್ಲು ಅಥವಾ ಹಲಗೆಯ ಮೇಲೆ, ಒಂದಕ್ಕೊಂದು ತಾಗದಂತೆ ಜೋಡಿಸಿ.
• ಇಡೀ ಕಾಯಿಯನ್ನು ಫ್ರಿಜ್‌ನಲ್ಲಿ ಇಡಬೇಡಿ. 10 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ತಾಪದಲ್ಲಿ ಬಹಳ ದಿನ ಇಟ್ಟರೆ ಚಳಿಯಿಂದಲೇ ಕೆಡುತ್ತದೆ.

ಅರಿಶಿನ, ಕುಂಕುಮ ಹಚ್ಚಿದರೆ ಸಾಕೇ?

ಸಾಲದು. ಅರಿಶಿನದ ಅಂಶಗಳು ಪ್ರಯೋಗಾಲಯದಲ್ಲಿ ಕೆಲವು ಶಿಲೀಂಧ್ರಗಳನ್ನು ತಡೆದಿವೆ. ಆದರೆ ಸಿಪ್ಪೆಯ ಮೇಲೆ ಹಚ್ಚಿದ ಅರಿಶಿನ ಒಳಗೆ ಶುರುವಾದ ಕೊಳೆಯನ್ನು ನಿಲ್ಲಿಸಲಾರದು.

ಯಾವಾಗ ತೆಗೆಯಬೇಕು?

ಕಾಯಿ ಮೆತ್ತಗಾದರೆ, ರಸ ಸೋರಿದರೆ ಅಥವಾ ವಾಸನೆ ಬಂದರೆ ತಡಮಾಡದೆ ಇಳಿಸಿ. ತಲೆಯ ಮೇಲೆ ತೂಗುವ ಕೊಳೆತ ಕಾಯಿ ಕಳಚಿ ಬಿದ್ದರೆ ಪೆಟ್ಟಾಗುತ್ತದೆ. ಕೊಳೆತ ಭಾಗ ಕತ್ತರಿಸಿ ಉಳಿದದ್ದನ್ನು ಅಡುಗೆಗೆ ಬಳಸಬೇಡಿ. ರಸ್ತೆಯಲ್ಲಿ ಒಡೆದರೆ ಬೈಕ್ ಸವಾರರು ಜಾರಿ ಬೀಳಬಹುದು, ಆದ್ದರಿಂದ ತಿಪ್ಪೆಗೆ ಹಾಕಿ. ಒಳ್ಳೆಯ ಗೊಬ್ಬರವಾಗುತ್ತದೆ.

ನಮ್ಮ ತೀರ್ಮಾನ

ಕುಂಬಳಕಾಯಿ ಕಟ್ಟುವುದು ಅವರವರ ನಂಬಿಕೆಗೆ ಬಿಟ್ಟದ್ದು. ಕೊಳೆತ ಕಾಯಿ ಮನೆಯ ಮುಂದಿನ ದಿನಗಳ ಬಗ್ಗೆ ಏನನ್ನೂ ಹೇಳುವುದಿಲ್ಲ. ಕೊಳೆತರೆ ಕಾಯಿ ಬದಲಿಸಿದರೆ ಸಾಕು, ಭಯಪಡಬೇಕಿಲ್ಲ.